ಭಾವನ ಎಡಗಾಲೂ ಕ್ಲಚ್ಚೂ

ನಮ್ಮ ಭಾವನ ವಯಸ್ಸೆಷ್ಟು ಎಂದು ಯಾರಾದರೂ ಕೇಳಿದರೆ, ಯಾವ ಭಾಗದ್ದು ಎಂದು ನಾನು ತಿರುಗಿ ಕೇಳುತ್ತೇನೆ. ಬಾಯಿಗೆ ಹದಿನೆಂಟು, ಬಲಗಾಲಿಗೆ ನಲವತ್ತು, ಎಡಗಾಲಿಗೆ ತೊಂಬತ್ತು. ಪಿಂಚಣಿ ಪುಸ್ತಕದಲ್ಲಿ ಮಾತ್ರ ಅರವತ್ತಮೂರು ಎಂದಿದೆ. ಪುಸ್ತಕಕ್ಕೇನು ಗೊತ್ತು ಪಾಪ!

ಭಾವ ಎಂದರೆ ನನ್ನ ಅಕ್ಕನ ಗಂಡ. ಚನ್ನರಾಯಪಟ್ಟಣದ ಕಡೆಯವರು. ನೌಕಾಪಡೆಗೆ ಸೇರಿ ವಿಶಾಖಪಟ್ಟಣಕ್ಕೆ ಬಂದವರು ಅಲ್ಲೇ ಮನೆ ಮಾಡಿ ನಿಂತುಬಿಟ್ಟರು. ಹಡಗಿನಲ್ಲಿದ್ದಷ್ಟು ಕಾಲವೂ ಅವರ ಕೆಲಸ ಕೆಳಗಿನ ಇಂಜಿನ್ ರೂಮಿನಲ್ಲಿ. ಅಷ್ಟು ವರ್ಷ ನೀರಿನ ಮೇಲಿದ್ದರೂ ಸಮುದ್ರ ಕಂಡದ್ದು ರಜೆಯಲ್ಲಿ ಬೀಚಿಗೆ ಹೋದಾಗ ಮಾತ್ರ ಎಂದು ಅಕ್ಕ ಈಗಲೂ ಚುಚ್ಚುತ್ತಾಳೆ. ಆಮೇಲೆ ದುವ್ವಾಡದ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ. ಅದೂ ಮುಗಿದು ಮನೆಯಲ್ಲಿ ಕೂತ ಮೂರನೇ ದಿನ, ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು ಅವರು ಘೋಷಣೆ ಹೊರಡಿಸಿದರು.

"ಸ್ಪೋರ್ಟ್ಸ್ ಕಾರ್ ತಗೋತೀನಿ ಕಣೇ. ಎರಡೇ ಬಾಗಿಲಿಂದು."

"ತರಕಾರಿ ಚೀಲ ಎಲ್ಲಿಡೋದು?" ಎಂದಳು ಅಕ್ಕ.

ನೋಡಿ, ಇಂಥ ಸಂಸಾರ. ಒಬ್ಬರಿಗೆ ರಾಕೆಟ್ಟಿನ ಕನಸು, ಇನ್ನೊಬ್ಬರಿಗೆ ಸೋರೆಕಾಯಿಯ ಚಿಂತೆ.

ಹಳೆಯ ಕಾರೇ ಆದೀತು, ಬಣ್ಣ ಯಾವುದಾದರೂ ಆದೀತು ಎಂದು ಭಾವ ಬಹಳ ಉದಾರವಾಗಿ ಎಲ್ಲಕ್ಕೂ ಒಪ್ಪಿಕೊಂಡರು. ಒಂದೇ ಒಂದು ಮಾತಿಗೆ ಒಪ್ಪಲಿಲ್ಲ. ಅವರ ಎಡಮಂಡಿ ಸವೆದಿತ್ತು. ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಕ್ಲಚ್ ಒತ್ತೋ ಕೆಲಸ ಇನ್ನು ಬಿಡಿ. ಕಾರು ಬೇಕೇ ಬೇಕು ಅಂದ್ರೆ ಆಟೋಮ್ಯಾಟಿಕ್ ತಗೊಳ್ಳಿ" ಎಂದಿದ್ದರು. ಭಾವ ಅಲ್ಲಿಂದ ಎದ್ದುಬಂದ ರೀತಿ ನೋಡಿದ್ದರೆ, ಡಾಕ್ಟರು ಅವರಿಗೆ ಸೀರೆ ಉಡಲು ಹೇಳಿದ್ದಾರೇನೋ ಎಂದುಕೊಳ್ಳಬೇಕಿತ್ತು.

"ಗೇರು ಅದರಷ್ಟಕ್ಕೆ ಅದೇ ಹಾಕ್ಕೊಂಡ್ರೆ ನಾನ್ಯಾಕೆ ಅದರೊಳಗೆ? ಊಬರ್‌ನಲ್ಲಿ ಹೋಗ್ತೀನಿ!"

ಮರುದಿನದಿಂದ ಅಭ್ಯಾಸ ಶುರು. ಸೋಫಾದ ಮೇಲೆ ಕೂತು, ಎಡಗೈಯಲ್ಲಿ ಅಕ್ಕನ ಕಡಗೋಲು, ಎಡಗಾಲಿನ ಕೆಳಗೆ ಹವಾಯಿ ಚಪ್ಪಲಿ. ಚಪ್ಪಲಿ ಒತ್ತುವುದು, ಕಡಗೋಲು ತಳ್ಳುವುದು, ಬಾಯಲ್ಲಿ ಡುರ್ರ್ ಅನ್ನುವುದು. ಪ್ರತಿಸಲ ಚಪ್ಪಲಿ ಒತ್ತಿದಾಗಲೂ ಮುಖ ಹುಣಸೆಹಣ್ಣು ತಿಂದಂತಾಗುತ್ತಿತ್ತು. ಯಾಕೆ ಭಾವ ಎಂದರೆ, "ಟ್ರಾಫಿಕ್ ಜಾಸ್ತಿ ಇದೆ ಕಣಮ್ಮ" ಎನ್ನುತ್ತಿದ್ದರು. ಸೋಫಾದ ಮೇಲೆ!

ಇಷ್ಟರಲ್ಲಿ ಎರಡು ಕಾರುಗಳ ಸುದ್ದಿ ಬಂತು. ಎರಡೂ ಒಂದೇ ಮಾಡೆಲ್ಲು, ಒಂದೇ ವರ್ಷದವು. ಗೇರಿನದು ಅವರ ವಿಶಾಖಪಟ್ಟಣದಲ್ಲೇ, ಋಷಿಕೊಂಡದಲ್ಲಿ. ಆಟೋಮ್ಯಾಟಿಕ್ ನಮ್ಮ ವಿಜಯವಾಡದಲ್ಲಿ. ನಮ್ಮ ವಿಜಯವಾಡ ಅಂದೆನಲ್ಲ, ನಾನು ತೆಲುಗರ ಮನೆ ಸೇರಿ ಇಪ್ಪತ್ತೆರಡು ವರ್ಷವಾಯಿತು. ನನ್ನ ಮಕ್ಕಳು ಕನ್ನಡದಲ್ಲಿ ಊಟ ಕೇಳುತ್ತಾರೆ, ತೆಲುಗಿನಲ್ಲಿ ಜಗಳವಾಡುತ್ತಾರೆ. ಅದಿರಲಿ.

ಋಷಿಕೊಂಡದ ಕಾರು ನೋಡಲು ಹೋದಾಗ ನಾನೂ ರಜೆಗೆಂದು ಅಕ್ಕನ ಮನೆಯಲ್ಲಿದ್ದೆ. ಕಾರಿನ ಯಜಮಾನ ಐಟಿ ಆಫೀಸಿನ ಹುಡುಗ. ಮನೆಗೆ ಮಗು ಬರುವುದಿತ್ತು, ಕಾರು ಹೊರಡುವುದಿತ್ತು. ಭಾವ ಕಾರಿನೊಳಗೆ ಕೂತರು ಎನ್ನುವುದಕ್ಕಿಂತ ಬಿದ್ದರು ಎಂದರೆ ಸರಿ. ಸೀಟು ನೆಲದಿಂದ ಒಂದು ಗೇಣು ಮೇಲಿದೆ, ಅಷ್ಟೆ. ಬೀಚ್ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದರು. ಗೇರು ಬದಲಿಸುವ ಅಂದವೇನು, ಇಂಜಿನ್ ಸದ್ದಿಗೆ ತಲೆದೂಗುವ ಭಂಗಿಯೇನು! ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಓಡಿಸಿದರು. ತೊಂದರೆ ಬಂದದ್ದು ನಿಲ್ಲಿಸಿದ ಮೇಲೆ. ಭಾವ ಇಳಿಯಲಿಲ್ಲ.

"ದಿಗಂಡಿ ಅಂಕುಲ್," ಇಳಿಯಿರಿ ಎಂದ ಹುಡುಗ.

"ಸ್ವಲ್ಪ ಹೊತ್ತು ಕೂತಿರ್ತೀನಿ ಅಂಡಿ. ಸೀಟು ಬಹಳ ಚೆನ್ನಾಗಿದೆ," ಎಂದರು ಭಾವ, ತೆಲುಗು ಕನ್ನಡ ಎರಡನ್ನೂ ಕಲಸಿ.

ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಹುಡುಗನ ಬಸುರಿ ಹೆಂಡತಿ ಪಾಪ, ಕಾರಿನ ಕಿಟಕಿಗೇ ಕಾಫಿ ತಂದುಕೊಟ್ಟಳು. ಕೊನೆಗೆ ನಾನೊಂದು ಕೈ, ಹುಡುಗನೊಂದು ಕೈ ಹಿಡಿದು ಬಾವಿಯಿಂದ ಕೊಡ ಎಳೆದ ಹಾಗೆ ಎಳೆದೆವು. ಮೇಲೆ ಬಂದ ಭಾವ ಅಂಗಿ ಕೊಡವಿಕೊಂಡು, "ಕಾರೇನೋ ಪರವಾಗಿಲ್ಲ. ನಿಮ್ಮ ರಸ್ತೆನೇ ಸ್ವಲ್ಪ ಎತ್ತರ ಆಯ್ತು" ಎಂದರು. ರಸ್ತೆ ಎತ್ತರವಾಯಿತಂತೆ! ಅಲ್ಲಿಂದ ಮನೆಯವರೆಗೂ ಕುಂಟಿದ್ದನ್ನು ನಾನೇನೂ ನೋಡಲಿಲ್ಲವಪ್ಪ.

ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಹೇಗಾದ್ರೂ ಮಾಡಿ ನಿಮ್ಮೂರಿನ ಆ ಆಟೋಮ್ಯಾಟಿಕ್ಕೇ ಕೊಡ್ಸೇ. ಈ ಮನುಷ್ಯ ಕಾಲು ಕಳ್ಕೊಳ್ತಾರೆ."

ಹಾಗಾಗಿ ಭಾವನನ್ನು ರೈಲು ಹತ್ತಿಸಿ ವಿಜಯವಾಡಕ್ಕೆ ತಂದೆ. ಕಾರಿನವರಿಂದ ಕೀಲಿ ಇಸಿದುಕೊಂಡು ನಾವಿಬ್ಬರೂ ಒಂದು ಸುತ್ತು ಹೊರಟೆವು. ಮೊದಲ ಸಿಗ್ನಲ್ಲಿನವರೆಗೆ ಎಲ್ಲವೂ ಸುಖ. ಸಿಗ್ನಲ್ ಹತ್ತಿರ ಬರುತ್ತಲೂ ಭಾವನ ಎಡಗಾಲು ನಲವತ್ತು ವರ್ಷದ ಅಭ್ಯಾಸದಂತೆ ಮೇಲೆದ್ದು, ಕ್ಲಚ್ಚೆಂದುಕೊಂಡು ಬ್ರೇಕನ್ನೇ ದಢಾರನೆ ತುಳಿಯಿತು. ಬೆಲ್ಟ್ ಹಾಕಿರದಿದ್ದರೆ ನಾನು ಗಾಜು ದಾಟಿ ನೇರ ಕೃಷ್ಣಾ ನದಿಗೇ! ಹಿಂದಿನ ಆಟೋದವನು ತಲೆ ಹೊರಹಾಕಿ, "ಏಂಟಿ ಪೆದ್ದಾಯನಾ, ನಿದ್ರ ವಚ್ಚಿಂದಾ?" ಏನಜ್ಜ, ನಿದ್ದೆ ಬಂತಾ ಎಂದು ಕೇಳಿದ. ಎರಡನೇ ಸಿಗ್ನಲ್ಲಿನಲ್ಲೂ ಅದೇ ಕತೆ. ಮೂರನೆಯದಕ್ಕೆ ಮುಂಚೆ ಭಾವ ಕಾರನ್ನು ಪಕ್ಕಕ್ಕೆ ಹಾಕಿ, ನನ್ನ ದುಪಟ್ಟಾ ಕೇಳಿದರು.

"ಯಾಕೆ ಭಾವ?"

"ಈ ಕಾಲನ್ನ ಸೀಟಿಗೆ ಕಟ್ಟಬೇಕು."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರು ನಗಲಿಲ್ಲ. ಮಂಡಿಯ ಮೇಲೆ ಕೈಯಿಟ್ಟುಕೊಂಡು ಹೇಳಿದರು: "ನಗಬೇಡ ಕಣಮ್ಮ. ಕೆಲಸ ಇಲ್ಲ ಅಂತ ಇದಕ್ಕೆ ಗೊತ್ತಾಗ್ಬಾರ್ದು. ಗೊತ್ತಾದ್ರೆ ಮಲಗಿಬಿಡುತ್ತೆ. ಇವತ್ತು ಕ್ಲಚ್ಚು ಬಿಡು ಅಂತೀರಿ. ನಾಳೆ ಮೆಟ್ಟಿಲು ಬಿಡು ಅಂತೀರಿ. ನಾಡಿದ್ದು ಮಂಚದ ಮೇಲೇ ಇರು ಅಂತೀರಿ. ಇಲ್ಲೊಂದು ಸಲ ಹೂಂ ಅಂದ್ರೆ ಮುಗೀತು."

ನಾನು ದುಪಟ್ಟಾ ಕೊಡಲಿಲ್ಲ. ಕಾರಿನವರನ್ನು ಅಲ್ಲಿಗೇ ಕರೆಸಿ ಕೀಲಿ ಒಪ್ಪಿಸಿ, ಮನೆಗೆ ಆಟೋದಲ್ಲಿ ಬಂದೆವು.

ಭಾವ ಊರಿಗೆ ಹೋದವರೇ ಗೇರಿನ ಕಾರನ್ನು ಕೊಂಡೇಬಿಟ್ಟರು. ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಅಕ್ಕ ಮನೆಯನ್ನೇ ತಲೆಕೆಳಗು ಮಾಡಿರುತ್ತಾಳೆ ಎಂದುಕೊಂಡು ಫೋನ್ ಮಾಡಿದರೆ, ಅವಳು ತಣ್ಣಗೆ, "ತಗೊಳ್ಲಿ ಬಿಡೇ, ಪಾಪ" ಎಂದಳು. ತಗೊಳ್ಳಲಿ ಬಿಡೇ? ಸಕ್ಕರೆ ಎರಡು ಚಮಚ ಹಾಕಿಕೊಂಡರೆ ರಂಪ ಮಾಡುವ ನನ್ನ ಅಕ್ಕ? ಕಾರು ಎರಡು ತಿಂಗಳು ಹೊದಿಕೆ ಹೊದ್ದು ಮನೆಯ ಮುಂದೆ ನಿಂತೇ ಇತ್ತು. ಅಕ್ಕ ದಿನಾ ಬೆಳಿಗ್ಗೆ ಯಾವುದೋ ಭಜನೆ ಕ್ಲಾಸಿಗೆ ಹೋಗುತ್ತಿದ್ದಳು. ಈ ವಯಸ್ಸಿನಲ್ಲಿ ಭಕ್ತಿ ಉಕ್ಕಿತೆಂದು ನಾನೂ ಸುಮ್ಮನಾದೆ.

ಹೊಸದಾಗಲಿ ಹಳೆಯದಾಗಲಿ, ಗಾಡಿ ಮನೆಗೆ ಬಂತೆಂದರೆ ವಿಜಯವಾಡದ ದುರ್ಗಮ್ಮನ ಬೆಟ್ಟದ ಬುಡದಲ್ಲಿ ಪೂಜೆ ಮಾಡಿಸುವುದು ಇಲ್ಲಿಯ ರೂಢಿ. ಒಂದು ಶುಕ್ರವಾರ ಭಾವ ಫೋನ್ ಮಾಡಿ, "ನಾವಿಬ್ರೂ ಕಾರಲ್ಲೇ ಬರ್ತಿದ್ದೀವಿ" ಎಂದರು. ಮುನ್ನೂರೈವತ್ತು ಕಿಲೋಮೀಟರು! ವಿಶಾಖಪಟ್ಟಣದ ಪಕ್ಕದ ಅನಕಾಪಲ್ಲಿಯನ್ನೂ ದಾಟುವುದಿಲ್ಲ, ಬೆಲ್ಲದ ಮಂಡಿಯ ಮುಂದೆ ಕುಂಟುತ್ತಾ ನಿಂತಿರುತ್ತಾರೆ ಎಂದು ನನ್ನ ಯಜಮಾನರ ಹತ್ತಿರ ಖಡಾಖಂಡಿತ ಹೇಳಿದೆ. ಆದರೆ ಸಂಜೆ ನಾಲ್ಕಕ್ಕೆ ಕಾರು ನಮ್ಮ ಗೇಟಿನ ಮುಂದೆ ಬಂದು ನಿಂತಿತು. ಬಲಗಡೆ ಬಾಗಿಲು ತೆರೆದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದವಳು ನನ್ನ ಅಕ್ಕ!

"ನೀನಾ ಓಡಿಸಿದ್ದು?"

"ನಾನೊಬ್ಳೇ ಎಲ್ಲಿ? ಸ್ಟೀರಿಂಗು, ಕ್ಲಚ್ಚು, ಬ್ರೇಕು ನಂದು. ಗೇರು ಅವರದು."

ಭಾವ ಎಡಗಡೆಯಿಂದ ಕೂಗಿದರು, "ಗೇರಿಗೆ ಬಹಳ ತಲೆ ಬೇಕಮ್ಮ. ಅವಳ ಕೈಲಿ ಆಗಲ್ಲ!"

ಭಜನೆ ಕ್ಲಾಸಂತೆ ಭಜನೆ ಕ್ಲಾಸು! ಲೈಸೆನ್ಸ್ ಬಂದು ಹತ್ತು ದಿನವಾಗಿತ್ತು. ಕಾಫಿ ಸೋಸುವಾಗ ನಾನು ಅಕ್ಕನನ್ನು ಹಿಡಿದುಕೊಂಡೆ. "ಗೇರು ಹಾಕೋಕೆ ಬರದೆ ಲೈಸೆನ್ಸ್ ಹೇಗೆ ಕೊಟ್ರೇ?"

"ಬರುತ್ತೆ ಕಣೇ, ಯಾಕೆ ಬರಲ್ಲ?" ಎಂದು ಅಕ್ಕ ದನಿ ತಗ್ಗಿಸಿದಳು. "ಅದನ್ನೂ ನಾನೇ ಮಾಡಿದ್ರೆ ಅವರೇನು ಮಾಡ್ಬೇಕು?"

ಮರುದಿನ ಪೂಜೆಗೆ ಹೊರಟಾಗ ನನ್ನನ್ನು ಹಿಂದಿನ ಸೀಟಿಗೆ ತುರುಕಿದರು. ಸೀಟಲ್ಲ ಅದು, ಗೂಡು. ಮಂಡಿ ಗದ್ದಕ್ಕೆ ತಾಗುತ್ತಿತ್ತು, ಮಡಿಲಲ್ಲಿ ತೆಂಗಿನಕಾಯಿ. ಅಕ್ಕ ಕ್ಲಚ್ ಒತ್ತುತ್ತಿದ್ದಳು, ಭಾವ ಇಂಜಿನ್ ಸದ್ದಿಗೆ ಕಿವಿಗೊಟ್ಟು ಗೇರು ಜಾರಿಸುತ್ತಿದ್ದರು. ಒಂದು, ಎರಡು ಎಂದು ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಒಂದು ಸಲವೂ ಕಾರು ಮುಗ್ಗರಿಸಲಿಲ್ಲ. ನನ್ನ ಜೀವ ಮಾತ್ರ ಅಂಗೈಯಲ್ಲಿತ್ತು.

ಪೂಜಾರಿಗಳು ಕುಂಕುಮ ಹಚ್ಚಿ, ಕಾಯಿ ಒಡೆದು, ನಾಲ್ಕು ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣಿಟ್ಟು, "ಪೋನಿವ್ವಂಡಮ್ಮಾ" ಎಂದು ಮುಂದೆ ಬಿಡಲು ಹೇಳಿದರು. ಅಕ್ಕ ಕೀಲಿ ತಿರುಗಿಸುವ ಮುಂಚೆ ಎಡಮಂಡಿಯನ್ನು ಒಂದು ಸಲ ಸವರಿಕೊಂಡಳು. ನಾನೇನೋ ಅದಕ್ಕೆ ಗಮನ ಕೊಡಲಿಲ್ಲ. ಭಾವ ಗಮನಿಸಿದರು.

"ನೋಯ್ತಿದೆಯೇನೇ?"

"ಏನಿಲ್ಲ ರೀ. ನಿನ್ನೆ ದಾರಿಯೆಲ್ಲ ಒತ್ತಿದ್ನಲ್ಲ, ಸ್ವಲ್ಪ ಹಿಡ್ಕೊಂಡಿದೆ."

ಭಾವ ಗೇರಿನ ಮೇಲಿಂದ ಕೈ ತೆಗೆದುಬಿಟ್ಟರು. ಹಿಂದಿನ ಕಾರಿನವರು ಹಾರ್ನ್ ಮಾಡುತ್ತಿದ್ದಾರೆ, ಪೂಜಾರಿಗಳು ಕೈ ಬೀಸುತ್ತಿದ್ದಾರೆ, ಇವರು ಅಕ್ಕನ ಮಂಡಿಯನ್ನೇ ನೋಡುತ್ತಾ ಕೂತಿದ್ದಾರೆ. ಡಾಕ್ಟರ ಎಕ್ಸ್‌ರೇಗೆ ಬಗ್ಗದ ಮನುಷ್ಯ, ಅಕ್ಕನ ಗೋಗರೆತಕ್ಕೆ ಬಗ್ಗದ ಮನುಷ್ಯ, ನಿಧಾನವಾಗಿ ನನ್ನ ಕಡೆ ತಿರುಗಿದರು.

"ನಿಮ್ಮೂರಿನ ಆ ಆಟೋಮ್ಯಾಟಿಕ್ಕು ಇನ್ನೂ ಇದೆಯೇನಮ್ಮ?"

ನನಗೆ ಚುಚ್ಚಲು ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಆದರೆ ಭಾವ ತಾವಾಗಿ ಹೂಂ ಅಂದದ್ದನ್ನು ಕೆಡಿಸಲು ಮನಸ್ಸಾಗಲಿಲ್ಲ. ಆ ಕಾರು ಮಾರಾಟವಾಗಿ ತಿಂಗಳ ಮೇಲಾಗಿತ್ತು.

"ಇದೆ ಭಾವ," ಎಂದೆ.