ಐದು ಅಡಿ ಎರಡು ಇಂಚಿನ ಸೊಸೆ

ಮದುವೆಯ ಮಾತುಕತೆಯಲ್ಲಿ ಬರೀ ನಿಜವನ್ನೇ ಹೇಳಿದವರ ಮಕ್ಕಳಿಗೆ ಮದುವೆಯಾದದ್ದನ್ನು ನಾನಂತೂ ಕಂಡಿಲ್ಲ. ಹುಡುಗನ ಸಂಬಳಕ್ಕೆ ಒಂದಿಷ್ಟು, ಹುಡುಗಿಯ ಬಣ್ಣಕ್ಕೆ ಒಂದಿಷ್ಟು, ಅಡುಗೆ ಬರುತ್ತದೆ ಎನ್ನುವುದಕ್ಕೆ ಇನ್ನೊಂದಿಷ್ಟು ಸೇರಿಸಿಯೇ ಹೇಳುತ್ತಾರೆ. ಕೇಳುವವರೂ ಅಷ್ಟನ್ನು ಕಳೆದೇ ಕೇಳಿಸಿಕೊಳ್ಳುತ್ತಾರೆ. ವರ್ಷ ಕಳೆಯುವುದರೊಳಗೆ ಸಂಬಳ ಏರುತ್ತದೆ, ಬಣ್ಣ ಕಣ್ಣಿಗೆ ರೂಢಿಯಾಗುತ್ತದೆ, ಅಡುಗೆಯನ್ನು ಅತ್ತೆ ಬೈದು ಕಲಿಸುತ್ತಾಳೆ. ಆದರೆ ಎತ್ತರದ ಸುಳ್ಳು ಹಾಗಲ್ಲ. ಹುಡುಗಿಯಂತೆ ಅದೂ ಬೆಳೆಯುವುದಿಲ್ಲ.

ನನ್ನ ಸೊಸೆ ಸುಮಾ ಐದು ಅಡಿ ಎರಡು ಇಂಚು. ಹಾಗೆಂದು ಅವಳ ತಾಯಿ ಶಾಂತಕ್ಕ ಹೇಳಿದ್ದಳು. ಬೀಗರದು ಬ್ಯಾಂಕಿನ ನೌಕರಿ, ವರ್ಗವಾಗಿ ವಿಜಯವಾಡಕ್ಕೆ ಬಂದವರು. ನಾವು ಗದಗಿನ ಕಡೆಯವರು. ಮಗನಿಗೆ ವಿಶಾಖಪಟ್ಟಣದ ಬಂದರಿನಲ್ಲಿ ಕೆಲಸವಾದ ಮೇಲೆ ನಾನೂ ಅವನ ಹಿಂದೆ ಸಮುದ್ರದ ಉಪ್ಪುಗಾಳಿಗೆ ಬಂದು ಬಿದ್ದೆ. ಆ ತೆಲುಗು ಸೀಮೆಯಲ್ಲಿ ನಮ್ಮ ಮಾತಿನ ಹುಡುಗಿ ಸಿಕ್ಕಿದ್ದೇ ದೊಡ್ಡದು. ಹೆಣ್ಣು ನೋಡುವ ದಿನ ಸೀರೆಯ ನೆರಿಗೆ ನೆಲ ಗುಡಿಸುವ ಹಾಗೆ ಉಟ್ಟಿದ್ದಳು, ಚಪ್ಪಲಿ ಕಾಣಿಸಲಿಲ್ಲ. ಮಾಲೆ ಹಾಕುವಾಗ ಮಣೆಯ ಮೇಲೆ ನಿಲ್ಲಿಸಿದರು, ಅದು ಶಾಸ್ತ್ರವಿರಬೇಕು ಎಂದುಕೊಂಡೆ. ಕೊನೆಗೆ ನಮ್ಮ ಮನೆಗೆ ಬಂದಾಗ ಸೊಸೆ ಹೊಸ್ತಿಲಿನ ಆಚೆಗೆ ಚಪ್ಪಲಿಯ ಜೊತೆ ಎತ್ತರವನ್ನೂ ಬಿಟ್ಟು ಒಳಗೆ ಬಂದಳು. ಅಡುಗೆಮನೆಯ ಮೇಲಿನ ಹಲಗೆಯಿಂದ ಹುಣಸೆಹಣ್ಣಿನ ಡಬ್ಬಿ ಇಳಿಸಲು ಸ್ಟೂಲು ಬೇಕಾಯಿತು. ಕೊಂಡಪಲ್ಲಿಯ ಬಣ್ಣದ ಬೊಂಬೆಯ ಹಾಗಿದ್ದಳು, ಚೆಂದಕ್ಕೂ ಅಷ್ಟೇ, ಎತ್ತರಕ್ಕೂ ಅಷ್ಟೇ.

ನಾನು ಬಾಯಿ ಬಿಡಲಿಲ್ಲ. ಒಳ್ಳೆಯತನವೆಂದು ತಿಳಿಯಬೇಡಿ. ಗದಗಿನಲ್ಲಿ ಮನೆಮನೆಗೆ ಹೋಗಿ “ಐದಡಿ ಎರಡಿಂಚಿನ ಸೊಸಿ ತಂದೀನಿ” ಎಂದು ಕೊಚ್ಚಿಕೊಂಡು ಬಂದಿದ್ದೆ. ಈಗ ಮೋಸಹೋದೆ ಎಂದರೆ ಯಾರ ಮೂಗು ಹೋಗುತ್ತದೆ? ಹಾಗಾಗಿ ಸುಳ್ಳು ಹೇಳಿದವಳು ಶಾಂತಕ್ಕನಾದರೂ ಅದಕ್ಕೆ ಅನ್ನ ಹಾಕಿ ಸಾಕಿದವಳು ನಾನು. ಸುಮಾ ಕೂಡ ನಮ್ಮಿಬ್ಬರ ಮಾನ ಕಾಯಲು ಮನೆಯೊಳಗೇ ತುದಿಗಾಲಿನಲ್ಲಿ ಓಡಾಡುವುದನ್ನು ಕಲಿತಳು.

ಹೀಗೆಯೇ ನಡೆದುಹೋಗುತ್ತಿತ್ತು. ಆದರೆ ಸುಮಾ ಬಸುರಿಯಾದಳು. ಕೂಸು ಹೊಟ್ಟೆಯೊಳಗೆ ಕಾಲು ಕೆಳಗೆ ಮಾಡಿ ಕೂತಿದೆ, ಕೊಯ್ದೇ ತೆಗೆಯಬೇಕು ಎಂದರು. ಚೊಚ್ಚಲ ಹೆರಿಗೆ ತವರಿನದು, ಹಾಗಾಗಿ ವಿಜಯವಾಡದ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದರು. ನಾನು ರೈಲಿನಲ್ಲಿ ಹೋದೆ. ಮಗನಿಗೆ ಯಾವುದೋ ಹಡಗು ಬಂದಿತ್ತಂತೆ, ಸಂಜೆಗೆ ಬರುವವನಿದ್ದ. ಬೀಗರು ಆಸ್ಪತ್ರೆಯ ವಾಸನೆಗೆ ತಲೆ ತಿರುಗುತ್ತದೆಂದು ಬ್ಯಾಂಕಿಗೆ ಹೋಗಿಬಿಟ್ಟರು. ಅಲ್ಲಿ ಉಳಿದವರು ನಾವಿಬ್ಬರು ಬೀಗತಿಯರು, ನಡುವೆ ಮಂಚದ ಮೇಲೆ ಸುಮಾ.

ಬೆಳಿಗ್ಗೆ ಮದ್ದು ಕೊಟ್ಟು ಮೈ ಮರಗಟ್ಟಿಸುವ ಡಾಕ್ಟರು ನೋಡಲು ಬಂದ. ಚಿಕ್ಕ ವಯಸ್ಸಿನವನು, ಮೀಸೆಯೂ ಸರಿಯಾಗಿ ಕೂತಿರಲಿಲ್ಲ. ತೂಕ ಕೇಳಿದ, ಹೇಳಿದಳು. ಎತ್ತರ ಕೇಳಿದ. ಸುಮಾ ತಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು, “ಫೈವ್ ಟೂ” ಎಂದಳು.

“ಸೂಜಿ ಚುಚ್ಚಾಕ ಎತ್ತರ ಯಾಕ ಬೇಕವಾ ಇಂವಗ? ಲಂಗ ಹೊಲೀತಾನೇನು?” ಎಂದೆ.

ಶಾಂತಕ್ಕ ಅದಕ್ಕೆ ಮರ್ಯಾದೆಯ ನಾಲ್ಕು ‘ಗಾರು’ ಹಚ್ಚಿ ಸಿಹಿ ಮಾಡಿ ತೆಲುಗಿನಲ್ಲಿ ಹೇಳಿದಳು. ಆದರೂ ಲಂಗ ಅವನಿಗೆ ತಿಳಿಯಿತು. ನಕ್ಕು, ನನ್ನ ಕಡೆಗೇ ತಿರುಗಿ ಬಿಡಿಸಿ ಹೇಳಿದ, ಶಾಂತಕ್ಕ ಕನ್ನಡ ಮಾಡಿದಳು. ಸೊಂಟದ ಹತ್ತಿರ ಬೆನ್ನೆಲುಬಿನ ಸಂದಿಯಲ್ಲಿ ಸೂಜಿ ಹೋಗುತ್ತದೆ. ಅಲ್ಲಿ ನೀರಿದೆ, ಮದ್ದು ಆ ನೀರಿಗಿಂತ ಭಾರ, ಮಲಗಿಸಿದಾಗ ಬೆನ್ನಿನ ಇಳಿಜಾರಿನಲ್ಲಿ ತಲೆಯ ಕಡೆಗೆ ಹರಡುತ್ತದೆ. ಎದೆಯ ಮಟ್ಟಕ್ಕೆ ಬಂದು ನಿಲ್ಲಬೇಕು. ಕೆಳಗೇ ನಿಂತರೆ ಕೊಯ್ಯುವುದು ತಿಳಿಯುತ್ತದೆ. ಮೇಲೆ ಹತ್ತಿಬಿಟ್ಟರೆ ರಕ್ತದೊತ್ತಡ ಇಳಿಯುತ್ತದೆ, ಉಸಿರು ಕಟ್ಟಿದ ಹಾಗಾಗುತ್ತದೆ. ಬಸುರಿಗೆ ಮೊದಲೇ ಕಡಿಮೆ ಸಾಕು, ಗಿಡ್ಡನೆಯವಳಾದರೆ ಇನ್ನೂ ಸ್ವಲ್ಪ ಕಡಿಮೆ.

“ಮದ್ದು ಎಷ್ಟು?” ಎಂದು ಕೈಯಲ್ಲೇ ಕೇಳಿದೆ. ಅರ್ಧ ಚಮಚೆಯೂ ಇಲ್ಲ ಎಂದು ತೋರಿಸಿದ.

ಅರ್ಧ ಚಮಚೆಯಲ್ಲಿ ಇಷ್ಟೆಲ್ಲ ಇದ್ದರೆ ನಾಲ್ಕು ಇಂಚಿನ ಸುಳ್ಳಿಗೆ ಎಷ್ಟು ಹನಿ? ಶಾಂತಕ್ಕನನ್ನು ನೋಡಿದೆ. ಅವಳು ಫ್ಯಾನು ತಿರುಗುವುದನ್ನು ಮೊದಲ ಸಲ ಕಂಡವಳಂತೆ ಮೇಲೆ ನೋಡುತ್ತಿದ್ದಳು. ಸುಮಾ ಹಾಸಿಗೆಯ ಅಂಚು ಹಿಡಿದು ಕೂತಿದ್ದಳು. ನಾವಿಬ್ಬರೂ ಎದುರಿಗಿರುವ ತನಕ ಹುಡುಗಿ ಉಸಿರು ಬಿಟ್ಟಾಳು, ಇಂಚು ಬಿಡುವುದಿಲ್ಲ ಎಂದು ತಿಳಿಯಿತು.

“ಅಳೀರಿ ಆಕಿನ್ನ” ಎಂದೆ.

“ಅಳಿಯೂದೇನೈತ್ರೀ ಅಕ್ಕಾರ, ಹೇಳ್ಯಾಳಲ್ಲ?” ಎಂದಳು ಶಾಂತಕ್ಕ.

“ಹೇಳಿದ್ದು ಮದವಿಗೆ ಆತು. ಇದು ಬ್ಯಾರೆ. ಏಳು ಸುಮಾ.”

ನರ್ಸು ಅವಳನ್ನು ಗೋಡೆಯ ಅಳತೆಪಟ್ಟಿಗೆ ನಿಲ್ಲಿಸಿದಳು. ತುಂಬು ಬಸುರಿ, ಪಾಪ, ಅಲ್ಲಿಯೂ ರೂಢಿಯಿಂದ ತುದಿಗಾಲಿನ ಮೇಲೆ ಎದ್ದಳು. “ಹಿಮ್ಮಡಿ ಕೆಳಗಿಡಽ. ನಾ ಏನೂ ಅನ್ನೂದಿಲ್ಲ” ಎಂದೆ. ಹಿಮ್ಮಡಿ ನೆಲಕ್ಕೆ ತಾಗಿತು. ನಾಲ್ಕು ಅಡಿ ಹತ್ತು ಇಂಚು. ಅಷ್ಟು ದಿನದ ಮೇಲೆ ಹುಡುಗಿ ನನ್ನೆದುರು ಪೂರ್ತಿ ಪಾದ ಊರಿ ನಿಂತದ್ದು ಅದೇ ಮೊದಲು.

ಡಾಕ್ಟರು ಯಾರ ಮುಖವನ್ನೂ ನೋಡದೆ ತಿದ್ದಿಕೊಂಡ. ಎತ್ತರವೊಂದನ್ನೇ ನಂಬಿ ಮದ್ದು ಬಿಡುವುದಿಲ್ಲ, ಬಿಟ್ಟ ಮೇಲೂ ಕಣ್ಣಿಟ್ಟು ಕಾಯುತ್ತೇನೆ, ಆದರೂ ಅಳೆಯಿಸಿದ್ದು ಒಳ್ಳೆಯದಾಯಿತು ಅಮ್ಮಗಾರು, ಎಂದು ಹೋದ.

ಸುಮಾಳನ್ನು ಒಳಗೆ ಕರೆದೊಯ್ದರು. ಹೊರಗಿನ ಬೆಂಚಿನ ಮೇಲೆ ನಾವಿಬ್ಬರು. ಶಾಂತಕ್ಕ ಸೆರಗಿನಲ್ಲಿ ಬೆವರು ಒರೆಸಿಕೊಂಡು, “ಐದು ಎರಡಕ್ಕ ಒಂದು ಎಳಿ ಕಡಿಮಿ ಬ್ಯಾಡ ಅಂದಾವ್ರು ಯಾರ್ರೀ? ನೀವಽ ಅಲ್ಲೇನು?” ಎಂದಳು.

“ನಾನಽ. ನನ್ನ ಮಗ ಉದ್ದ ಅದಾನ.”

“ನಿಮ್ಮ ಎತ್ತರ ಎಷ್ಟ್ರೀ ಅಕ್ಕಾರ?”

ನಾನು ಕೂತಿದ್ದ ಬೆಂಚಿನಿಂದ ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಅವಳು ಅದನ್ನೇ ನೋಡುತ್ತಿದ್ದಳು. ನಾನು ಕಾಲು ಮಡಚಿ ಮೇಲಿಟ್ಟುಕೊಂಡೆ. ಅಷ್ಟರಲ್ಲಿ ಒಳಗಿನಿಂದ ಕೂಸು ಅತ್ತಿತು. ಇಬ್ಬರೂ ಒಟ್ಟಿಗೇ ಎದ್ದೆವು.

ಒಳಗೆ ಏನಾಯಿತೆಂದು ಮತ್ತೆ ಮಂಚಕ್ಕೆ ತಂದು ಮಲಗಿಸಿದ ಮೇಲೆ ಸುಮಾ ಹೇಳಿದಳು. ರಂಗೋಲಿ ಹಾಕುವವಳ ಹಾಗೆ ಬೆನ್ನು ಬಗ್ಗಿಸಿ ಕೂರಿಸಿದರಂತೆ. ಇರುವೆ ಕಡಿದ ಹಾಗಾಯಿತಂತೆ. ಕಾಲು ಬೆಚ್ಚಗಾಗಿ, ಭಾರವಾಗಿ, ಆಮೇಲೆ ಇಲ್ಲವೇ ಇಲ್ಲವಾಯಿತಂತೆ. ಹೊಟ್ಟೆಯ ಭಾರ ರಕ್ತನಾಳ ಒತ್ತಬಾರದೆಂದು ಬಲಗಡೆಯ ಸೊಂಟದ ಕೆಳಗೆ ದಿಂಬಿಟ್ಟರು. ಡಾಕ್ಟರು ತಣ್ಣನೆಯ ಹತ್ತಿಯನ್ನು ಅವಳ ಕಾಲಿನಿಂದ ಶುರುಮಾಡಿ ಮುಟ್ಟಿಸುತ್ತಾ ಮೇಲೆ ಬಂದು, ತಣ್ಣಗಿದೆಯಾ, ತಣ್ಣಗಿದೆಯಾ ಎಂದು ಕೇಳಿದ. ಇಲ್ಲ, ಇಲ್ಲ, ಇಲ್ಲ. ಎದೆಯ ಹತ್ತಿರ ಹೂಂ ಎಂದಳು. ಅಲ್ಲಿಗೆ ನಿಂತಿತು. ತೂಬು ಇಳಿಸಿದ ಕೂಡಲೇ ಕಾಲುವೆಯ ನೀರು ನಿಲ್ಲುತ್ತದಲ್ಲ, ಹಾಗೆ. ಕೆಳಗೆ ಕೊಯ್ಯುತ್ತಿದ್ದಾರೆ, ಮೇಲೆ ಇವಳು ನರ್ಸಿನ ಜೊತೆ ಯಾವ ಮಾವಿನಕಾಯಿ ಉಪ್ಪಿನಕಾಯಿಗೆ ಒಳ್ಳೆಯದೆಂದು ಮಾತಾಡುತ್ತಿದ್ದಾಳೆ!

ನಾನು ಹೆತ್ತಾಗ ಬಾಯಲ್ಲಿ ಸೆರಗು ತುರುಕಿಕೊಂಡಿದ್ದೆ. ಸೆರಗು ಹರಿದಿತ್ತು. ಇವಳ ಮಾತು ನಂಬದೆ, ಯಾರೂ ನೋಡದಾಗ ಹೊದಿಕೆಯೊಳಗೆ ಕೈ ಹಾಕಿ ಕಾಲಿನ ಹೆಬ್ಬೆರಳನ್ನು ಗಟ್ಟಿಯಾಗಿ ಚಿವುಟಿದೆ. ಸುಮಾ ಕಣ್ಣು ಮಿಟುಕಿಸಲಿಲ್ಲ. ಬಸ್ಸಿನಲ್ಲಿ ಪಕ್ಕದವರ ಗಂಟು ನೋಡುವಂತೆ ತನ್ನ ಕಾಲನ್ನು ನೋಡಿ, “ಯಾರ ಕಾಲ್ರೀ ಅತ್ತಿ ಅದು?” ಎಂದು ನಕ್ಕಳು. ನಾನು ದೇವರಿಗೂ ಸುಮ್ಮಸುಮ್ಮನೆ ಕೈ ಮುಗಿಯುವವಳಲ್ಲ. ಅಂದು ಮೀಸೆ ಬಾರದ ಆ ಹುಡುಗ ಬಾಗಿಲಿಗೆ ಬಂದಾಗ ಕೈ ತಾನಾಗಿ ಎದ್ದಿತು. ಅವನು ಗಾಬರಿಯಾಗಿ ನನಗೇ ಮುಗಿದ.

ಮಧ್ಯಾಹ್ನ ನರ್ಸು ಕೂಸನ್ನು ತೂಗಿ, ಟೇಪು ಹಿಡಿದು ಅಳೆದಳು. ಹೆಣ್ಣುಮಗು, ಕೆಂಪಗೆ, ಕೈಕಾಲು ಮಡಚಿಕೊಂಡು ಮುಷ್ಟಿಯಾಗಿತ್ತು. ನಾನೂ ಶಾಂತಕ್ಕನೂ ಎರಡು ಕಡೆಯಿಂದ ಬಗ್ಗಿ ನೋಡಿದೆವು.

“ಸರಿಯಾಗಿ ಎಳದು ಅಳಿಯವಾ, ಕಾಲು ಮಡಚೇತಿ. ಇನ್ನೂ ಎರಡು ಬೆಟ್ಟು ಬರತೈತಿ ನೋಡು” ಎಂದೆ.

ಶಾಂತಕ್ಕ ಬಾಯಿಗೆ ಸೆರಗು ಹಿಡಿದಳು. ಮಂಚದ ಮೇಲೆ ಸುಮಾ ನಗಲು ಹೋಗಿ, ಹೊಲಿಗೆಯ ನೆನಪಾಗಿ ನಿಲ್ಲಿಸಿದಳು. ಆ ಹೊತ್ತಿಗೆ ಗದಗಿನಿಂದ ನನ್ನ ನಾದಿನಿ ಶಾಂತಕ್ಕನ ಮೊಬೈಲಿಗೆ ಫೋನು ಮಾಡಿದಳು. ಕೂಸು ಯಾರ ಹಾಗಿದೆ ಎಂದು ಕೇಳಿದಳು.

“ಉದ್ದ ಐತಿ” ಎಂದೆ.