ಸ್ಪಿಟ್‌ಫೈರ್ ಪಂಡಿತನ ಕಿವಿ

ಏನೂ ತಿಳಿಯದ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರುವುದು ಸುಲಭ. ಅರ್ಧ ತಿಳಿದ ವಿಷಯದಲ್ಲಿ ಸುಮ್ಮನಿರುವುದು ಮಾತ್ರ ನನ್ನಿಂದ ಈವರೆಗೆ ಆಗಿಲ್ಲ. ನನ್ನ ಆ ಅರ್ಧ ತಿಳಿವಳಿಕೆಯ ವಿಷಯ ಹಳೆಯ ಯುದ್ಧವಿಮಾನಗಳು. ವಾಯುಪಡೆಗೂ ನನಗೂ ಯಾವ ಸಂಬಂಧವೂ ಇಲ್ಲ. ಇಂಗ್ಲಿಷರ ನಾಡಿನ ಅಕ್ಸ್‌ಬ್ರಿಡ್ಜ್‌ನ ಕಚೇರಿಯೊಂದರಲ್ಲಿ ವಿಮೆಯ ಕಾಗದಪತ್ರ ನೋಡುವವನು ನಾನು. ವಿಮೆಗೂ ವಿಮಾನಕ್ಕೂ ಇರುವ ಅಕ್ಷರಸಾಮ್ಯವೇ ನನ್ನ ಏಕೈಕ ಅರ್ಹತೆ. ಆದರೆ ಹತ್ತಿರದ ಹ್ಯಾರೋದಲ್ಲಿ ಮನೆ ಮಾಡಿದ ಮೊದಲ ಚಳಿಗಾಲದಲ್ಲೇ, ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಬರುವ ಬ್ರಿಟಿಷ್ ಯುದ್ಧಚಿತ್ರಗಳ ಹುಚ್ಚು ಹಿಡಿಯಿತು. ರೆಕ್ಕೆ ವೀಳ್ಯದೆಲೆಯಂತೆ ತುದಿಗೆ ಬಾಗಿದ್ದರೆ ಸ್ಪಿಟ್‌ಫೈರ್, ಬೆನ್ನು ಕೊಂಚ ಗೂನಾಗಿದ್ದರೆ ಹರಿಕೇನ್. ಇಷ್ಟು ಗೊತ್ತಾದದ್ದೇ ತಡ, ನಾನು ಪಂಡಿತನಾದೆ.

ಇದರ ಕಷ್ಟ ಉಂಡವಳು ಧಾರವಾಡದ ನನ್ನ ಹೆಂಡತಿ ಸುಧಾ. ಸಿನಿಮಾದ ನಡುವೆ ನಾನು ವಿಮಾನದ ಹೆಸರು ಕೂಗಿದರೆ, "ರೀ, ಆ ಹುಡುಗಿ ಅವಂಗ ಪತ್ರ ಬರದಾಳ, ಅದನ್ನರ ಓದಗೊಡ್ರಿ. ಹಿಂದ ಹಾರೋದು ಯಾವುದಾದ್ರೇನು?" ಎನ್ನುವಳು. ಯಾವುದಾದರೇನು ಎನ್ನುವವರಿಗೆ ಉತ್ತರಿಸುವುದು ಪಂಡಿತರ ಘನತೆಗೆ ತಕ್ಕುದಲ್ಲ. ಹಾಗಾಗಿ ನಾನು ಉತ್ತರಿಸದೆ, ವಿಮಾನದ ಹೆಸರನ್ನು ಇನ್ನಷ್ಟು ಗಟ್ಟಿಯಾಗಿ ಹೇಳುತ್ತಿದ್ದೆ.

ಹೀಗಿರುವಾಗ ಕಿಂಗ್ಸ್‌ಬರಿಯಲ್ಲಿ ಸೇರುವ ನಮ್ಮ ಕನ್ನಡದವರು ಒಂದು ಭಾಷಣಕ್ಕೆ ಕರೆದರು. ಬರಿಯ ದನಿ ಕೇಳಿ ವಿಮಾನ ಗುರುತಿಸಿ ತೋರಿಸುವುದಾಗಿ ಒಪ್ಪಿಕೊಂಡೆ. ಸಭೆಯ ಹಿಂದಿನ ಭಾನುವಾರ ತಾಲೀಮು ಇಟ್ಟುಕೊಂಡೆ. ಪ್ರೇಕ್ಷಕರು ಇಬ್ಬರೇ: ಸುಧಾ ಮತ್ತು ಅವಳ ಉಪ್ಪಿಟ್ಟಿಗೆ ತಪ್ಪದೆ ಬರುವ ಪಕ್ಕದ ಮನೆಯ ಜೀನ್. ನಮ್ಮೆರಡು ಮನೆಗೂ ಗೋಡೆ ಒಂದೇ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇರುವ, ಎಂಬತ್ತರ ಹತ್ತಿರದ, ಮಿತಮಾತಿನ ಇಂಗ್ಲಿಷ್ ಹೆಂಗಸು.

ಸಿನಿಮಾದಲ್ಲಿ ವಿಮಾನಗಳು ಒಂದನ್ನೊಂದು ಅಟ್ಟಿಸಿಕೊಂಡು ಹಾರಿದವು. ನಾನು ಕಣ್ಣು ಮುಚ್ಚಿದೆ. "ಇದು ಸ್ಪಿಟ್‌ಫೈರ್. ಎಷ್ಟು ಸಭ್ಯವಾದ ದನಿ! ಈಗ ಬಂದದ್ದು ಜರ್ಮನ್. ಇಂಜಿನ್ನಿನಲ್ಲೇ ಅಹಂಕಾರ ಕೇಳಿಸುತ್ತೆ," ಎಂದೆ.

ಜೀನ್ ಚಮಚ ಕೆಳಗಿಟ್ಟು, "ಬೇಜಾರು ಮಾಡ್ಕೋಬೇಡಿ, ಎರಡರಲ್ಲೂ ಇರೋದು ಒಂದೇ ಜಾತಿಯ ಇಂಜಿನ್," ಎಂದು ಇಂಗ್ಲಿಷಿನಲ್ಲಿ ಮೆತ್ತಗೆ ಹೇಳಿದರು. "ನಿಜವಾದ ಜರ್ಮನ್ ವಿಮಾನ ಎಲ್ಲಿ ಸಿಗಬೇಕು? ಇವು ಸಿನಿಮಾಕ್ಕಾಗಿ ಸ್ಪೇನಿನಿಂದ ತರಿಸಿದ್ದು. ಅದರೊಳಗೆ ನಮ್ಮ ಇಂಗ್ಲಿಷ್ ಇಂಜಿನ್ನೇ ಇತ್ತು. ನನಗೆ ಗೊತ್ತು, ಅವಕ್ಕೆ ಬಣ್ಣ ಬಳಿದವರಲ್ಲಿ ನಾನೂ ಒಬ್ಬಳು."

ನಾನು ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟೆ. ಅಷ್ಟರಲ್ಲಿ ಅವರು ಸಿನಿಮಾ ನಿಲ್ಲಿಸಲು ಹೇಳಿ, ಟಿವಿಯ ಹತ್ತಿರ ಹೋಗಿ, ಒಂದು ವಿಮಾನದ ಪಕ್ಕೆಯ ನಂಬರಿನ ಮೇಲೆ ಬೆರಳಿಟ್ಟರು. "ಇದೇ. ಜರ್ಮನ್ ವಿಮಾನದ ಗುರುತು ಅಂತ ನಾನು ಬರೆದ ಶಿಲುಬೆ ಓರೆಯಾಗಿದೆ, ನೋಡಿ. ಮಳೆ ಬರುವ ಹಾಗಿತ್ತು, ಮೇಸ್ತ್ರಿ ಕೂಗಾಡುತ್ತಿದ್ದ, ನಾನು ಏಣಿಯ ಮೇಲೆ ನಡುಗುತ್ತಿದ್ದೆ. ಯಾರಾದರೂ ಕಂಡುಹಿಡಿದು ನಕ್ಕರೆ ಅನ್ನೋ ಭಯಕ್ಕೆ ಈ ಸಿನಿಮಾವನ್ನ ಇವತ್ತಿನವರೆಗೂ ನೋಡಿರಲಿಲ್ಲ."

ನಾನು ಆ ಸಿನಿಮಾವನ್ನು ಹನ್ನೊಂದು ಸಲ ನೋಡಿದ್ದೆ. ಶಿಲುಬೆಯ ಓರೆ ಒಮ್ಮೆಯೂ ಕಂಡಿರಲಿಲ್ಲ.

ಎರಡು ದಿನ ಮುಖ ಸಪ್ಪೆ ಮಾಡಿಕೊಂಡು ಓಡಾಡಿದೆ. ಜ್ವರವೆಂದು ನೆಪ ಹೇಳಿ ಭಾಷಣ ತಪ್ಪಿಸಿಕೊಳ್ಳಲು ಫೋನ್ ಕೈಗೆತ್ತಿಕೊಂಡಾಗ ಸುಧಾ ಕಸಿದುಕೊಂಡಳು. "ಜ್ವರ ಯಾಕ ಬರಿಸ್ಕೋತೀರಿ? ಜೀನ್ ಅವರನ್ನ ಕರ್ಕೊಂಡು ಹೋಗ್ರಿ. ಇಷ್ಟು ವರ್ಷ ಮನಸಿನ್ಯಾಗ ಇಟ್ಕೊಂಡಾರ. ಯಾರರ ಒಬ್ಬರು ಕೇಳಬೇಕಲ್ಲ?"

ಶನಿವಾರ ಜೀನ್ ನೇರಳೆ ಬಣ್ಣದ ಕೋಟು ತೊಟ್ಟು ವೇದಿಕೆ ಹತ್ತಿದರು. ಊರಿನಿಂದ ಮಕ್ಕಳ ಮನೆಗೆ ಬಂದಿದ್ದ ಹಿರಿಯರಿಗಾಗಿ ನಾನು ಅವರ ಮಾತನ್ನು ಕನ್ನಡಕ್ಕೆ ತಿರುಗಿಸುತ್ತಾ ಹೋದೆ. ಇಡೀ ಸಭೆ ಉಸಿರು ಬಿಗಿಹಿಡಿದು ಕೇಳಿತು. ಓರೆ ಶಿಲುಬೆಯ ಚಿತ್ರ ಪರದೆಯ ಮೇಲೆ ಬಂದಾಗ ಯಾರೂ ನಗಲಿಲ್ಲ. ವಿಜಯಪುರದ ಅಜ್ಜಿಯೊಬ್ಬರು ಎದ್ದು ಬಂದು ಜೀನ್ ಕೈ ಹಿಡಿದುಕೊಂಡು, "ನಾವು ನೆಲದ ಮ್ಯಾಲ ಕುಂತು ಹಾಕಿದ ರಂಗೋಲಿನೂ ಸೊಟ್ಟ ಆಗ್ತೈತಿ. ನೀ ಏಣಿ ಮ್ಯಾಲ ನಿಂತು ಬರದೀಯಲ್ಲವ್ವಾ!" ಎಂದರು. ನಾನು ತಿರುಗಿಸಿ ಹೇಳುತ್ತಲೇ ಜೀನ್ ಕಣ್ಣೊರೆಸಿಕೊಂಡು ನಕ್ಕರು. ಅಷ್ಟು ಹಗುರವಾಗಿ ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಅಲ್ಲಿಗೆ ನಾನು ಕೆಳಗಿಳಿದಿದ್ದರೆ ಎಲ್ಲವೂ ಚೆನ್ನಾಗಿರುತ್ತಿತ್ತು. ಹಿಂದಿನ ಸಾಲಿನಿಂದ ಒಬ್ಬ ಮಹರಾಯರು ಎದ್ದು, "ಸಾರ್, ನೀವು ಈ ಸಿನಿಮಾನ ಎಷ್ಟೋ ಸಲ ನೋಡಿದೀರಂತೆ. ಶಿಲುಬೆ ಓರೆ ಇರೋದು ನಿಮ್ಮ ಕಣ್ಣಿಗೆ ಬೀಳಲೇ ಇಲ್ವಾ?" ಎಂದು ಕೇಳಿದರು.

ಮೈಕು ಇನ್ನೂ ನನ್ನ ಕೈಯಲ್ಲೇ ಇತ್ತು. "ಮೊದಲನೇ ಸಲವೇ ಬಿದ್ದಿತ್ತು," ಎಂದೆ. "ಬರೆದ ಕೈ ಯಾರದೋ ಏನೋ, ಅವರ ಮನಸ್ಸು ನೋಯಬಾರದು ಅಂತ ಸುಮ್ಮನಿದ್ದೆ."

ಸಭೆ ಚಪ್ಪಾಳೆ ತಟ್ಟಿತು. ಕನ್ನಡದ ಒಂದಕ್ಷರವೂ ಬಾರದ ಜೀನ್ ಎಲ್ಲರಿಗಿಂತ ಜೋರಾಗಿ ತಟ್ಟಿದರು. ಮೊದಲ ಸಾಲಿನಲ್ಲಿ ಸುಧಾ ಒಬ್ಬಳೇ ಕೈಕಟ್ಟಿ ಕೂತು ನನ್ನನ್ನೇ ನೋಡುತ್ತಿದ್ದಳು.