ಡಬ್ಬಿ ಮುಚ್ಚಳದ ಮೇಲಿನ ‘ದಿ’

ತುಮಕೂರಿನಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಪಾತ್ರೆ ಕೊಂಡವರು ಹೆಸರು ಹಾಕಿಸಿಕೊಳ್ಳಲು ನಿಲ್ಲುತ್ತಾರಲ್ಲ, ಆ ಹತ್ತು ನಿಮಿಷ ಸಾಕು. ನಮ್ಮಲ್ಲಿ ಒಂದು ಲೋಟ ತಗೊಂಡರೂ ಹೆಸರು ಕೊರೆಸದೆ ಮನೆಗೆ ಒಯ್ಯುವುದಿಲ್ಲ. ಮೊದಲು ಕನ್ನಡದಲ್ಲಿ ಹೆಸರು, ತಾರೀಖು, ಅಷ್ಟೇ ಇತ್ತು. ಈಗ ಇಂಗ್ಲಿಷ್ ಬಂದಿದೆ, ಅದರ ಬಾಲ ಹಿಡಿದುಕೊಂಡು ‘ದಿ’ ಬಂದಿದೆ. ಊರಿನ ಹೆಸರಿನ ಮುಂದೆ ಕೂರುವ, ಟಿ-ಎಚ್-ಇ ಎಂಬ ಆ ಮೂರಕ್ಷರ ನನ್ನ ಅಂಗಡಿಯಲ್ಲಿ ಎಬ್ಬಿಸಿದ ಗಲಾಟೆಯನ್ನು ಯಾವ ಗಿರಾಕಿಯೂ ಎಬ್ಬಿಸಿಲ್ಲ.

೧. ಅದೊಂದೇ ಡಬರಿ

ಶುರು ಮಾಡಿದ್ದು ಉಪ್ಪಾರಹಳ್ಳಿಯ ಒಬ್ಬ ಹೆಂಗಸು. ದೊಡ್ಡದೊಂದು ಡಬರಿ ಕೊಂಡು, “ಇಂಗ್ಲಿಷಲ್ಲಿ ದಿ ಉಪ್ಪಾರಹಳ್ಳಿ ಅಂತ ಹಾಕ್ಸಿ” ಅಂದರು.

“ನಿಮ್ಮ ಹೆಸರು ಬೇಡ್ವೇನಮ್ಮ?”

“ನನ್ನ ಹೆಸರಿನವರು ನಮ್ ಬೀದೀಲೇ ಮೂರು ಜನ ಇದೀವಿ. ಯಾರ ಮನೇಲಿ ಫಂಕ್ಷನ್ ಆದ್ರೂ ಎಲ್ಲರ ಪಾತ್ರೇನೂ ಅಲ್ಲಿಗೆ ಹೋಗುತ್ತೆ. ವಾಪಸ್ ಬರೋದು ಇನ್ಯಾರ್ದೋ. ದಿ ಹಾಕಿದ್ರೆ ಅದೊಂದೇ ಅಂತ ಅರ್ಥವಂತೆ. ನನ್ನ ಮಗಳು ಹೇಳಿದ್ಲು.”

ಗಿರಾಕಿ ಕೇಳಿದ್ದನ್ನು ಕೊರೆಯುವುದು ನಮ್ಮ ಕೆಲಸ, ತಿದ್ದುವುದಲ್ಲ. ಕೊರೆಸಿದೆ. ಮಾರನೆಯ ದಿನ ಅವರ ಪಕ್ಕದ ಮನೆಯವರು ಬಂದರು. “ಅವರಿಗೆ ಹಾಕಿದ್ದನ್ನೇ ನಮಗೂ ಹಾಕಿ.” ಅದರ ಮಾರನೆಯ ದಿನ ಎದುರು ಮನೆಯವರು. ವಾರದೊಳಗೆ ಇಡೀ ಬೀದಿ ಬಂದು ಹೋಯಿತು. ನಾನು ಯಾಕೆ ಬೇಡ ಅನ್ನಲಿ?

ತಿಂಗಳ ಮೇಲೆ ಮೊದಲಿನ ಆಕೆ ಮತ್ತೆ ಬಂದರು. ಮುಖ ಸಪ್ಪಗಿತ್ತು.

“ಏನಾಯ್ತಮ್ಮ?”

“ಕೊನೇ ಮನೇಲಿ ನಾಮಕರಣ ಇತ್ತು. ಅವರ ಹಿತ್ತಲಲ್ಲಿ ಅದೊಂದೇ ಅನ್ನೋ ಡಬರಿ ಇಪ್ಪತ್ತೆರಡು ಬಿದ್ದಿವೆ.”

೨. ಅರ್ಜಿ ಎಲ್ಲಿ ಹಾಕೋದು

ರಿಟೈರಾದ ಇಂಗ್ಲಿಷ್ ಮೇಷ್ಟ್ರೊಬ್ಬರು ಪೇಪರ್ ಓದುವುದಕ್ಕೆ ದಿನಾ ನನ್ನ ಅಂಗಡಿಗೆ ಬರುತ್ತಾರೆ. ಇದುವರೆಗೆ ಒಂದು ಚಮಚ ಕೊಂಡವರಲ್ಲ. ಅವರಿಂದ ಏನಾದರೂ ಉಪಯೋಗವಾಗಲಿ ಎಂದು ಕೇಳಿದೆ: “ಮೇಷ್ಟ್ರೇ, ಊರಿನ ಹೆಸರಿಗೆ ದಿ ಹಾಕ್ಬೋದಾ?”

“ಸಾಮಾನ್ಯವಾಗಿ ಊರಿಗೆ ಇಲ್ಲ. ನದಿಗೆ ಉಂಟು, ಸಮುದ್ರಕ್ಕೆ ಉಂಟು, ಬೆಟ್ಟದ ಸಾಲಿಗೆ ಉಂಟು. ಊರುಗಳಲ್ಲಿ ಯೂರೋಪಿನ ಹೇಗ್ ಅನ್ನೋ ಊರಿಗೆ ಉಂಟು, ‘ದಿ ಹೇಗ್’ ಅಂತಾರೆ. ಅದು ಅವರ ರೂಢಿ.”

ಹಾಲಿನ ಕ್ಯಾನು ಆರಿಸುತ್ತಾ ಇದ್ದ ಹಾಗಲವಾಡಿಯ ರೈತರೊಬ್ಬರು ಕೈಯಲ್ಲಿದ್ದ ಕ್ಯಾನು ಕೆಳಗಿಟ್ಟರು.

“ನಮ್ ಹಾಗಲವಾಡಿಗೆ ಐತಾ ಸಾರ್?”

“ಇಲ್ಲಪ್ಪ.”

“ಗುಬ್ಬಿಗೆ?”

“ಗುಬ್ಬಿಗೂ ಇಲ್ಲ.”

“ತಾಲ್ಲೂಕಿಗೇ ಬಂದಿಲ್ಲ ಅಂದ್ರೆ ನಮಗೆಲ್ಲಿ ಬತ್ತದೆ ಬುಡಿ.” ಅಷ್ಟಕ್ಕೆ ಸುಮ್ಮನಾದರು ಅಂದುಕೊಂಡೆ. ಕ್ಯಾನು ಕಟ್ಟಿಸಿಕೊಂಡು ಬಾಗಿಲವರೆಗೆ ಹೋದವರು ತಿರುಗಿ ಬಂದರು. “ಆ ಯೂರೋಪಿನೋರು ಅರ್ಜಿ ಎಲ್ಲಿ ಹಾಕಿದ್ರು ಸಾರ್? ತಾಲ್ಲೂಕು ಆಫೀಸಲ್ಲಾ, ಡಿಸಿ ಆಫೀಸಲ್ಲಾ?”

ಮೇಷ್ಟ್ರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ರೈತರು ನನ್ನ ಕಡೆ ಬಗ್ಗಿ, “ಹೇಳಲ್ಲ ನೋಡಿ. ಅವರ ಊರಿಗೆ ಮೊದಲು ಮಾಡಿಸ್ಕೊಳೋ ಪ್ಲಾನು” ಅಂದರು.

೩. ಬೀಗರ ಡಬ್ಬಿ

ಇವೆಲ್ಲ ಚಿಲ್ಲರೆ. ಗುಬ್ಬಿ-ಕುಣಿಗಲ್ ಮದುವೆಯಲ್ಲಿ ಮಾತ್ರ ನಾನೂ ಬೆವತೆ.

ಹೆಣ್ಣು ಗುಬ್ಬಿಯದು, ಗಂಡು ಕುಣಿಗಲ್‌ನದು. ತಾಂಬೂಲದ ಜೊತೆ ಕೊಡುವುದಕ್ಕೆ ನಾನೂರು ಸ್ಟೀಲ್ ಡಬ್ಬಿಗೆ ಹೆಣ್ಣಿನ ತಂದೆ ಆರ್ಡರ್ ಕೊಟ್ಟಿದ್ದರು. ಡಬ್ಬಿಯ ಮೈ ಮೇಲೆ ಹುಡುಗ ಹುಡುಗಿಯ ಹೆಸರು, ತಾರೀಖು ಕೊರೆದಾಗಿತ್ತು. ಮುಚ್ಚಳದ ಮೇಲೆ ಎರಡೂ ಊರಿನ ಹೆಸರು ಬರಬೇಕು, ಅದಕ್ಕೆ ಒಪ್ಪಿಗೆ ತಗೊಳ್ಳಲು ಇಬ್ಬರು ಬೀಗರನ್ನೂ ಕರೆಸಿದೆ. ಗಂಡಿನ ತಂದೆ ಟೈಲ್ಸ್ ವ್ಯಾಪಾರದವರು. ತಾವೇ ಚೀಟಿಯಲ್ಲಿ ಬರೆದು ತಂದಿದ್ದರು: ಗುಬ್ಬಿ – ದಿ ಕುಣಿಗಲ್.

ಹೆಣ್ಣಿನ ತಂದೆ ಚೀಟಿ ನೋಡಿದರು. “ಬೀಗ್ರೇ, ನಮ್ಮೂರಿಗಿಲ್ವಲ್ಲ.”

“ನಮ್ಮ ಅಂಗಡಿ ಬೋರ್ಡಲ್ಲಿ ಮೊದ್ಲಿಂದ್ಲೂ ದಿ ಐತೆ ಬೀಗ್ರೇ. ಅಭ್ಯಾಸ.”

“ಹಂಗಾದ್ರೆ ನಮಗೂ ಒಂದು ಹಾಕ್ಸಿ.”

“ಹಾಕ್ಸೋಣ. ಆದ್ರೆ ಗಂಡಿನ ಕಡೇದು ಒಂದು ಕೈ ಮೇಲಿರಬೇಕಲ್ವಾ? ನಿಮಗೊಂದು, ನಮಗೆರಡು.”

ಮೇಷ್ಟ್ರು ತಡೆಯಲಾರದೆ ಪೇಪರ್ ಮಡಿಸಿದರು. “ನೋಡಿ, ನಿಮ್ಮಿಬ್ಬರ ಊರಿಗೂ ಅದರ ಅರ್ಹತೆ ಇಲ್ಲ.”

ಆ ಮಧ್ಯಾಹ್ನ ಬೀಗರಿಬ್ಬರೂ ಒಂದಾಗಿದ್ದು ಒಂದೇ ಸಲ, ಮೇಷ್ಟ್ರನ್ನು ಹೊರಗೆ ಕಳಿಸುವುದಕ್ಕೆ. ಕಳಿಸಿ ಬಂದು ಮತ್ತೆ ಶುರು. ಗುಬ್ಬಿಯವರು, “ನಿಮಗೆರಡಾದ್ರೆ ನಮಗೂ ಎರಡು” ಅಂದರು. ಕುಣಿಗಲ್‌ನವರು, “ಹಂಗಾದ್ರೆ ನಮಗೆ ಮೂರು” ಅಂದರು. ಹೆಸರು ಕೊರೆಯುವವನು ಮುಚ್ಚಳ ಎತ್ತಿ ತೋರಿಸಿ, “ಸಾವ್ಕಾರ್ರೇ, ಇನ್ನೊಂದು ಬಂದ್ರೆ ಊರಿಗೆ ಜಾಗ ಇರಲ್ಲ” ಅಂದ.

ಲೆಕ್ಕ ಐದಕ್ಕೆ ಏರಿದಾಗ ಗುಬ್ಬಿಯವರು ಎದ್ದು ನಿಂತರು. “ಮದುವೆಗೆ ಮುಂಚೆನೇ ಹಿಂಗಾದ್ರೆ ನನ್ನ ಮಗಳ ಗತಿ ಏನು? ಯೋಚನೆ ಮಾಡ್ಬೇಕಾಗುತ್ತೆ.”

“ಮಾಡಿ. ನಾವೂ ಮಾಡ್ತೀವಿ” ಅಂದರು ಕುಣಿಗಲ್‌ನವರು.

ನಾನು ಹೆಸರು ಕೊರೆದಿಟ್ಟ ನಾನೂರು ಡಬ್ಬಿಯ ಕಡೆ ನೋಡಿದೆ. ಅವರಿಗೇನು, ಹುಡುಗಿಗೆ ಇನ್ನೊಬ್ಬ ಹುಡುಗ ಸಿಗುತ್ತಾನೆ, ಹುಡುಗನಿಗೆ ಇನ್ನೊಬ್ಬ ಹುಡುಗಿ. ಅದೇ ಹೆಸರಿನ ಹುಡುಗ, ಅದೇ ಹೆಸರಿನ ಹುಡುಗಿ, ಅದೇ ತಾರೀಖಿಗೆ ಮದುವೆಯಾಗುವವರನ್ನು ನಾನು ಎಲ್ಲಿ ಹುಡುಕಲಿ?

“ಕೂತ್ಕೊಳಿ ಯಜಮಾನ್ರೇ” ಎಂದು ಇಬ್ಬರಿಗೂ ಕಾಫಿ ತರಿಸಿದೆ. ಮುಚ್ಚಳದ ಮೇಲೆ ಬೆರಳಿಟ್ಟು ತೋರಿಸಿದೆ: ಕೆಳಗೆ ಎಡಕ್ಕೆ ಗುಬ್ಬಿ, ಬಲಕ್ಕೆ ಕುಣಿಗಲ್. ಮೇಲೆ, ನಟ್ಟನಡುವೆ, ದಪ್ಪಗೆ ಒಂದೇ ಒಂದು ದಿ. “ಚಪ್ಪರ ಇದ್ದ ಹಾಗೆ. ಇಬ್ಬರೂ ಅದರ ಕೆಳಗೇ ಬರ್ತೀರಿ. ಇದು ನನ್ನ ಕಡೆಯಿಂದ ಮುಯ್ಯಿ ಅಂದ್ಕೊಳಿ.”

ಬಿಟ್ಟಿ ಅಂದ ಮೇಲೆ ಇಬ್ಬರೂ ಒಪ್ಪಿದರು.

ಮಾರನೆಯ ಬೆಳಿಗ್ಗೆ ಗುಬ್ಬಿಯಿಂದ ಫೋನು. “ಸಾವ್ಕಾರ್ರೇ, ಆ ದಿ ಇದೆಯಲ್ಲ, ಒಂದು ಕೂದಲೆಳೆ ಎಡಕ್ಕೆ ಜರುಗಿಸಿ. ಬೀಗರಿಗೆ ಗೊತ್ತಾಗಬಾರದು.” ಆಗಲಿ ಅಂದೆ. ಫೋನ್ ಇಡುವುದರೊಳಗೆ ಕುಣಿಗಲ್‌ನಿಂದ. “ಒಂದೇ ಒಂದು ಚೂರು ಬಲಕ್ಕೆ. ನಮ್ಮಲ್ಲೇ ಇರ್ಲಿ ಇದು.” ಅದಕ್ಕೂ ಆಗಲಿ ಅಂದೆ. ಕೊರೆಯುವವನಿಗೆ ಸ್ಕೇಲ್ ಕೊಟ್ಟು, “ನಡುವಿನಿಂದ ಅಲ್ಲಾಡಿದ್ರೆ ನಿನ್ನ ಕೈ ಮುರೀತೀನಿ ಕಣೋ” ಅಂದೆ. ನಾನೂರಕ್ಕೆ ನಾನೂರೂ ನಟ್ಟನಡುವೆ ಬಂದವು.

ಮದುವೆ ಚೆನ್ನಾಗಿ ನಡೆಯಿತು. ನಾನು ತಾಂಬೂಲ ತಗೊಂಡು ಹೊರಡುವಾಗ ಗುಬ್ಬಿಯವರು ಕಂಬದ ಮರೆಗೆ ಕರೆದರು. ಡಬ್ಬಿ ಮುಚ್ಚಳ ತೋರಿಸಿ, “ಕೂದಲೆಳೆ ಅಂದ್ರೆ ಇಷ್ಟೊಂದು ನಮ್ಮ ಕಡೆ ಎಳೆದುಬಿಟ್ರಲ್ಲ, ಪಾಪ, ಬೀಗ್ರು ಏನಂದ್ಕೊಂಡ್ರೋ” ಅಂದರು. ಕೈಮುಗಿದು ಗೇಟಿನ ಹತ್ತಿರ ಬಂದೆ. ಅಲ್ಲಿ ಕುಣಿಗಲ್‌ನವರು ಅದೇ ಡಬ್ಬಿ ಹಿಡಿದು ಕಾಯುತ್ತಿದ್ದರು. ಸುತ್ತ ನೋಡಿ, ದನಿ ತಗ್ಗಿಸಿ, “ಜಾಸ್ತಿ ಆಯ್ತು ಸಾವ್ಕಾರ್ರೇ. ಗುಬ್ಬಿಯವರ ಮುಖ ನೋಡಕ್ಕಾಗ್ತಿಲ್ಲ ನನಗೆ” ಅಂದರು.